ಮೈಸೂರಿನ ಒಂಟಿಕೊಪ್ಪಲು ಮನೆಯ ಮೊಬೈಲ್ ಗುಂಪಿನಲ್ಲಿ 14,000 ಕಿಲೋಮೀಟರಿನ ಲೆಕ್ಕ

ದೊಡ್ಡಪ್ಪ: ನಾನು ಗುಂಪಿಗೆ ಹಾಕಿರುವ ವಿಮಾನದ ದಾರಿಯ ಚಿತ್ರವನ್ನು ಎಲ್ಲರೂ ನೋಡಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 14,000 ಕಿಲೋಮೀಟರ್, ವಿಮಾನದಲ್ಲಿ 15 ಗಂಟೆ 33 ನಿಮಿಷ ಎಂದು ಸ್ಪಷ್ಟವಾಗಿ ಬರೆದಿದೆ. ನಡುವೆ ಎಲ್ಲೂ ಇಳಿಯದೆ ಹೋದರೂ ಹದಿನೇಳು ಗಂಟೆ ಹಿಡಿಯಬಹುದೆಂದು, ಅಲ್ಲಿಗೆ ಹೊರಟಿರುವ ನನ್ನ ಮಗಳನ್ನು ಹೆದರಿಸಿದವರು ಯಾರು?

ನಾನು: ದೊಡ್ಡಪ್ಪ, ಹಾಗೆಂದವನು ನಾನೇ, ಈಗಲೂ ಅದನ್ನೇ ಹೇಳುತ್ತೇನೆ. ಚಿತ್ರದಲ್ಲಿರುವ ದೂರ ಸರಿಯಾಗಿದೆ. ಅವಧಿ ಮಾತ್ರ ಯಾವ ವಿಮಾನವೂ ಹಾರಿ ತೋರಿಸಿದ್ದಲ್ಲ. 14,000ವನ್ನು 900ರಿಂದ ಭಾಗಿಸಿದರೆ ನಿಮಿಷವೂ ತಪ್ಪದೆ ಅದೇ ಉತ್ತರ ಬರುತ್ತದೆ, ಮೊಬೈಲಿನಲ್ಲೇ ಮಾಡಿ ನೋಡಿ. ನೆಲ ಬಿಟ್ಟ ಗಳಿಗೆಯಿಂದಲೇ ಗಂಟೆಗೆ 900 ಕಿಲೋಮೀಟರ್ ವೇಗ, ಗಾಳಿಯೇ ಇಲ್ಲದ ಆಕಾಶ, ಯಾವ ದೇಶದ ಅಪ್ಪಣೆಯೂ ಬೇಡದ ನೇರ ದಾರಿ, ಇವಿಷ್ಟೂ ಕೂಡಿಬಂದರೆ ಮಾತ್ರ ಆ ಲೆಕ್ಕ ನಡೆಯುತ್ತದೆ.

ಅತ್ತೆ: ಮಧ್ಯಾಹ್ನ 2ಕ್ಕೆ ಹೊರಟರೆ ಅದೇ ದಿನ ಸಂಜೆ 5ಕ್ಕೆ ಇಳಿಯಬಹುದೆಂದು ಪಕ್ಕದ ಮನೆಯವರು ಹೇಳುತ್ತಿದ್ದರು. ಹಾಗಾದರೆ ಮೂರೇ ಗಂಟೆಯಾಯಿತಲ್ಲ!

ನಾನು: ಅತ್ತೆ, ಹೊರಡುವುದು ನಮ್ಮ ಗಡಿಯಾರದಲ್ಲಿ, ಇಳಿಯುವುದು ಅವರ ಗಡಿಯಾರದಲ್ಲಿ. ಚಳಿಗಾಲದಲ್ಲಿ ಅವರದು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಆ ಮೂರಕ್ಕೆ ಹದಿಮೂರೂವರೆ ಕೂಡಿಸಿದರೆ ಹದಿನಾರೂವರೆ ಗಂಟೆಯಾಗುತ್ತದೆ.

ದೊಡ್ಡಪ್ಪ: ಅದು ಒಪ್ಪತಕ್ಕ ಮಾತು. ಆದರೆ ಚಿತ್ರದಲ್ಲಿರುವ ಗೆರೆ ಚೀನಾ, ಸೈಬೀರಿಯಗಳ ಮೇಲೆ ಬಿಲ್ಲಿನಂತೆ ಬಾಗಿದೆ. ಇಂಥ ಸುತ್ತು ದಾರಿಯ ದೂರವನ್ನು ನೀನು ಸರಿ ಎನ್ನುವುದು ಹೇಗೆ?

ನಾನು: ಷೋಕೇಸಿನಲ್ಲಿರುವ ಗ್ಲೋಬನ್ನು ಇಳಿಸಿ, ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ. ಅದು ಹಿಮಾಲಯವನ್ನೂ ಟಿಬೆಟ್ಟನ್ನೂ ದಾಟಿ, ಸೈಬೀರಿಯದ ಮೇಲೇರಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಆದರೆ ವಿಮಾನಗಳು ದಾರದ ಜಾಡಿನಲ್ಲೇ ಹಾರುವುದಿಲ್ಲ. ಒಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಕುಸಿದರೆ ಉಸಿರಾಡುವಂತಾಗಲು ಸುಮಾರು 3,000 ಮೀಟರಿಗೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರಿಗೂ ಎತ್ತರದಲ್ಲಿರುವುದರಿಂದ ಸಾಮಾನ್ಯವಾಗಿ ಅದರ ಮೇಲೆ ಹಾರದೆ ಸುತ್ತಿಕೊಂಡೇ ಹೋಗುತ್ತಾರೆ.

ಇನ್ನು ಗಾಳಿಯ ವಿಷಯ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಂತೂ ಬಲು ಜೋರಾಗಿರುತ್ತದೆ. ಅದರಿಂದ ಗಂಟೆಗೆ ನೂರು ಕಿಲೋಮೀಟರಿನ ನೆರವು ದಾರಿಯುದ್ದಕ್ಕೂ ಸಿಕ್ಕಿದರೆ ಇದೇ 14,000ಕ್ಕೆ ಹದಿನಾಲ್ಕು ಗಂಟೆ ಸಾಕು, ಅಷ್ಟೇ ಗಾಳಿ ಎದುರಾದರೆ ಹದಿನೇಳೂವರೆ ಬೇಕು. ಪೆಸಿಫಿಕ್ ದಾಟಿ ಪೂರ್ವಕ್ಕೆ ಹೋಗುವವರು ಅದನ್ನು ಬೆನ್ನಿಗೆ ಹಾಕಿಕೊಳ್ಳಲು ನೋಡುತ್ತಾರೆ, ಮರಳುವವರು ತಪ್ಪಿಸಿಕೊಳ್ಳಲು ನೋಡುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ತಂದದ್ದು ಉತ್ತರ ಧ್ರುವದ ಮೇಲಿಂದ, ಸುಮಾರು ಹದಿನೇಳು ಗಂಟೆಗಳಲ್ಲಿ.

ಅತ್ತೆ: ಅಣ್ಣ, ಹಾಗಾದರೆ ಆ ಚಿತ್ರವನ್ನು ಅಳಿಸಿಬಿಡು.

ದೊಡ್ಡಪ್ಪ: ಅಳಿಸುವುದಿಲ್ಲ. ದೂರ ಸರಿಯಿದೆ ಎಂದು ಅವನೇ ಒಪ್ಪಿದ್ದಾನೆ.

ನಾನು: ದೂರಕ್ಕೆ ಇರಲಿ, ದೊಡ್ಡಪ್ಪ. ಅಲ್ಲಿ ಕರೆದೊಯ್ಯಲು ಬರುವ ಭಾವನವರಿಗೆ ಮಾತ್ರ ಟಿಕೆಟ್ಟಿನಲ್ಲಿರುವ ಇಳಿಯುವ ಸಮಯವನ್ನೇ ಕಳುಹಿಸಿ, ಏಕೆಂದರೆ ಅಕ್ಕ ನಡುವೆ ಒಂದು ಕಡೆ ವಿಮಾನವನ್ನೂ ಬದಲಿಸಬೇಕು. ಮೈಸೂರಿನಿಂದ ದೇವನಹಳ್ಳಿಯವರೆಗಿನ ಸುಮಾರು 180 ಕಿಲೋಮೀಟರ್ ನಿಮ್ಮ ಚಿತ್ರದಲ್ಲಿ ಸೇರಿಯೇ ಇಲ್ಲ.

ದೊಡ್ಡಪ್ಪ: ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ಸಿನ ಸೀಟನ್ನು ನಾನು ಕಾದಿರಿಸುತ್ತೇನೆ. ಆ ಗಂಟೆಗಳ ಲೆಕ್ಕವನ್ನಾದರೂ ನನಗೆ ಬಿಡು.