ಕುಡಿತ ಬಿಡಲು ಮೀಟಿಂಗ್‌ಗೆ ಹೋಗಬೇಕು ಅಂತಿದ್ದೇನೆ, ಹೋದವರು ಹೇಳಿ

ಪ್ರಶ್ನೆ: ಕುಡಿತ ಬಿಡಬೇಕು ಅಂತ ಗಟ್ಟಿ ಮಾಡಿದ್ದೇನೆ. ಒಬ್ಬನೇ ಎಷ್ಟು ಹಟ ಹಿಡಿದರೂ ನಿಲ್ಲುತ್ತಿಲ್ಲ. ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗ್ ಬಗ್ಗೆ ಕೇಳಿದ್ದೇನೆ. ಹುಡುಕುವುದು ಹೇಗೆ? ಎದ್ದು ನಿಂತು ಮಾತಾಡಲೇಬೇಕಾ? ಪರಿಚಯದವರು ಸಿಕ್ಕಿಬಿಟ್ಟರೆ? ದೇವರಲ್ಲಿ ನನಗೆ ಅಷ್ಟೇನೂ ನಂಬಿಕೆ ಇಲ್ಲ, ಅದೂ ಒಂದು ಅಳುಕು.

ಉತ್ತರ 1: ಮಾತಾಡಲೇಬೇಕು ಅಂತ ಏನೂ ಇಲ್ಲ. ಮೊದಲ ದಿನ ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ, ನಡುಗುವ ಕೈ ಕಾಣದ ಹಾಗೆ ತೊಡೆ ಕೆಳಗಿಟ್ಟುಕೊಂಡು ಕೂತಿದ್ದೆ. ಸರದಿ ಬಂದಾಗ "ಇವತ್ತು ಕೇಳಿಸಿಕೊಳ್ತೀನಿ" ಅಂದೆ. ಪಕ್ಕದವರು ಮಾತು ಶುರು ಮಾಡಿದರು, ಅಷ್ಟೇ. ಯಾರೂ ತಿರುಗಿ ನೋಡಲಿಲ್ಲ. ಒಬ್ಬರು ಮಾತಾಡುವಾಗ ಉಳಿದವರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮನೆಯಲ್ಲಿ, ಆಫೀಸಿನಲ್ಲಿ ಬರೀ ಬುದ್ಧಿಮಾತು ಕೇಳಿ ಸುಸ್ತಾದವನಿಗೆ ಅದೇ ದೊಡ್ಡ ಸಮಾಧಾನ.

ಹುಡುಕುವುದು ಕಷ್ಟ ಅಲ್ಲ. ಎಎಯ ಅಧಿಕೃತ ವೆಬ್‌ಸೈಟ್‌ನಲ್ಲಿ ಮೀಟಿಂಗ್ ಹುಡುಕಬಹುದು, ಸಹಾಯಕ್ಕೆ ಫೋನ್ ನಂಬರ್ ಕೂಡ ಸಿಗುತ್ತದೆ. ಡಿ-ಅಡಿಕ್ಷನ್ ವಿಭಾಗ ಇರುವ ಆಸ್ಪತ್ರೆಯಲ್ಲಿ ಕೇಳಿದರೂ ಹೇಳುತ್ತಾರೆ. ಹೊರಡುವ ಮುಂಚೆ ಒಂದು ಫೋನ್ ಮಾಡಿ, ಸಮಯ, ಜಾಗ ಬದಲಾಗಿದೆಯಾ ಅಂತ ಕೇಳಿಕೊಳ್ಳಿ. ಕಷ್ಟಪಟ್ಟು ಮನಸ್ಸು ಮಾಡಿ ಹೋದ ದಿನ ಬಾಗಿಲು ಹಾಕಿದ್ದರೆ ಮತ್ತೆ ಹೊರಡುವುದು ತುಂಬಾ ಕಷ್ಟ. ಮೀಟಿಂಗ್ ವಿವರದಲ್ಲಿ "ಓಪನ್" ಅಂತ ಇದ್ದರೆ ಯಾರು ಬೇಕಾದರೂ ಬರಬಹುದು, ಮನೆಯವರನ್ನೂ ಕರೆದುಕೊಂಡು ಹೋಗಬಹುದು. "ಕ್ಲೋಸ್ಡ್" ಅಂದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಫೀಸು ಇಲ್ಲ. ಖರ್ಚಿಗೆ ಅಂತ ಒಂದು ಚೀಲವೋ ಡಬ್ಬವೋ ಸುತ್ತು ಬರುತ್ತದೆ, ಹೊಸಬರು ಹಾಕಬೇಕಾಗಿಲ್ಲ.

ಪರಿಚಯದವರು ಸಿಕ್ಕರೆ? ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ ಅಲ್ವಾ. ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು ಅನ್ನುವುದನ್ನು ಬಹಳ ಗಂಭೀರವಾಗಿ ಪಾಲಿಸುತ್ತಾರೆ. ಆದರೂ ಅಳುಕಿದ್ದರೆ ಮನೆಯಿಂದ ಸ್ವಲ್ಪ ದೂರದ ಗುಂಪಿಗೆ ಹೋಗಿ, ಇಲ್ಲವಾದರೆ ಮೊದಮೊದಲು ಆನ್‌ಲೈನ್ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತು ಕೇಳಿ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ: ಒಂದೇ ಮೀಟಿಂಗ್ ನೋಡಿ "ಇದು ನನಗಲ್ಲ" ಅಂತ ಬಿಡಬೇಡಿ. ಒಂದು ಗುಂಪಿನಲ್ಲಿ ಎಲ್ಲರೂ ವಯಸ್ಸಾದವರು, ಇನ್ನೊಂದರಲ್ಲಿ ಹುಡುಗರೇ ಜಾಸ್ತಿ. ಒಂದು ಕಡೆ ಓದುವುದೇ ಹೆಚ್ಚು, ಇನ್ನೊಂದು ಕಡೆ ಅನುಭವ ಹೇಳಿಕೊಳ್ಳುವುದು. ನಾನು ಉಳಿದುಕೊಂಡದ್ದು ಮೊದಲು ಹೋದ ಗುಂಪಿನಲ್ಲಿ ಅಲ್ಲ.

ಉತ್ತರ 2: ಮೀಟಿಂಗ್‌ಗಿಂತ ಮೊದಲು ಡಾಕ್ಟರ್. ದಿನಾ ಜಾಸ್ತಿ ಕುಡಿಯುತ್ತಿದ್ದವರು ಇದ್ದಕ್ಕಿದ್ದ ಹಾಗೆ ಪೂರ್ತಿ ನಿಲ್ಲಿಸಬಾರದು. ಕೆಲವೇ ಗಂಟೆಗಳಲ್ಲಿ ನಡುಕ, ಬೆವರು ಶುರುವಾಗುತ್ತದೆ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 2–3 ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ, ಎಲ್ಲಿದ್ದೇನೆ ಅನ್ನುವುದೂ ಗೊತ್ತಾಗುವುದಿಲ್ಲ. ಅದಕ್ಕೆ ಡಿಲಿರಿಯಮ್ ಟ್ರೆಮೆನ್ಸ್ ಅನ್ನುತ್ತಾರೆ, ಜೀವಕ್ಕೇ ಅಪಾಯ. ನನ್ನ ಅಣ್ಣನಿಗೆ ಫಿಟ್ಸ್ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಇನ್ನೊಂದು: ಡಾಕ್ಟರ್ ಕೊಟ್ಟ ಮಾತ್ರೆ ಬಿಡು ಅಂತ ಮೀಟಿಂಗ್‌ನಲ್ಲಿ ಯಾರಾದರೂ ಹೇಳಿದರೆ ಕೇಳಬೇಡಿ. ಸದಸ್ಯರು ಡಾಕ್ಟರ್ ಕೆಲಸಕ್ಕೆ ಕೈ ಹಾಕಬಾರದು ಅಂತ ಎಎಯೇ ಹೇಳುತ್ತದೆ.

ಉತ್ತರ 3: ದೇವರ ವಿಷಯಕ್ಕೆ ಬರುತ್ತೇನೆ, ನಾನೂ ನಂಬುವವಳಲ್ಲ. ಕುಡಿತ ಬಿಡಲು ಎಎ ಹೇಳುವ 12 ಹೆಜ್ಜೆಗಳಲ್ಲಿ ದೇವರ ಹೆಸರು ಬರುತ್ತದೆ, ಮೀಟಿಂಗ್ ಕೊನೆಯಲ್ಲಿ ಪ್ರಾರ್ಥನೆಯೂ ಇರುತ್ತದೆ. ಮೊದಲು ಕಿರಿಕಿರಿ ಆಯಿತು. ಆದರೆ ಸದಸ್ಯರಾಗಲು ಇರುವ ಷರತ್ತು ಒಂದೇ, ಕುಡಿತ ಬಿಡುವ ಆಸೆ. ನನ್ನ ಮಟ್ಟಿಗೆ, ಆ ಹೆಜ್ಜೆಗಳಲ್ಲಿ ಬರುವ "ನಮಗಿಂತ ದೊಡ್ಡ ಶಕ್ತಿ" ಅಂದರೆ ಆ ಕೋಣೆಯಲ್ಲಿ ಕೂತ ಜನ. ಅದಕ್ಕೆ ಯಾರೂ ತಕರಾರು ತೆಗೆದಿಲ್ಲ.

ಅದೂ ಒಗ್ಗದಿದ್ದರೆ ಬೇರೆ ದಾರಿ ಇದೆ. 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಅನ್ನುವ ಇನ್ನೊಂದು ನೆರವಿನ ಗುಂಪಿನಲ್ಲಿ ದೇವರ ಮಾತಿಲ್ಲ, ಕುಡಿಯಬೇಕು ಅನ್ನುವ ಯೋಚನೆ ಬಂದಾಗ ಏನು ಮಾಡಬೇಕು ಅಂತ ಅಭ್ಯಾಸ ಮಾಡಿಸುತ್ತಾರೆ. ಆನ್‌ಲೈನ್ ಮೀಟಿಂಗ್ ಇವೆ. ಹಾಗಂತ ಎಎಯನ್ನು ಬರೀ ಭಜನೆ ಅಂತ ತಳ್ಳಿಹಾಕಬೇಡಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವರದಿ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿದೆ. ಕುಡಿಯದೆ ಉಳಿಯುವ ವಿಷಯದಲ್ಲಿ, ಜನರನ್ನು ಎಎಗೆ ಜೋಡಿಸುವ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗೆ ಸಮ, ಕೆಲವು ಕಡೆ ಅದಕ್ಕಿಂತ ಮೇಲು ಅಂತ ಅದರಲ್ಲಿದೆ.

ಉತ್ತರ 4: ನನ್ನ ಯಜಮಾನರು ಕುಡಿಯುತ್ತಿದ್ದರು. ನಿಮ್ಮ ಮನೆಯವರಿಗೆ ಅಲ್-ಅನಾನ್ ಬಗ್ಗೆ ಹೇಳಿ, ಅದು ಕುಡಿಯುವವರ ಮನೆಯವರಿಗಾಗಿಯೇ 1951ರಿಂದ ಇರುವ ಗುಂಪು. "ಇದಕ್ಕೆ ನಾನು ಕಾರಣ ಅಲ್ಲ, ನನ್ನ ಹತೋಟಿಯಲ್ಲಿಲ್ಲ, ವಾಸಿ ಮಾಡುವುದೂ ನನ್ನಿಂದಾಗದು" ಅನ್ನುವುದನ್ನು ಅಲ್ಲಿ ಕಲಿತೆ. ಬಾಟಲಿ ಹುಡುಕುವುದು, ಬಾಯಿ ಮೂಸುವುದು ನಿಲ್ಲಿಸಿದೆ. ನಿದ್ದೆ ಬಂತು. ಅವರು ಬಿಡುವ ಮುಂಚೆಯೇ ನಾನು ಸ್ವಲ್ಪ ಸುಧಾರಿಸಿಕೊಂಡೆ.

ಉತ್ತರ 5: ಮೇಲಿನವರು ಹೇಳದ ಎರಡು ಮಾತು. ನೀವು ಮಾಮೂಲಾಗಿ ಕುಡಿಯಲು ಕೂರುವ ಹೊತ್ತಿಗೇ ನಡೆಯುವ ಮೀಟಿಂಗ್ ಆರಿಸಿಕೊಳ್ಳಿ, ಆ ಒಂದೂವರೆ ಗಂಟೆ ದಾಟಿದರೆ ಆ ದಿನ ಅರ್ಧ ಗೆದ್ದ ಹಾಗೆ. ಮುಗಿದ ಕೂಡಲೇ ಎದ್ದು ಓಡಬೇಡಿ. ಹತ್ತು ನಿಮಿಷ ನಿಂತು ಒಬ್ಬರ ನಂಬರ್ ತೆಗೆದುಕೊಳ್ಳಿ. ಮುಂದೆ ಸ್ಪಾನ್ಸರ್ ಅಂತ ಒಬ್ಬರನ್ನು ಕೇಳಿಕೊಳ್ಳಬಹುದು, ಅವರು ಕೌನ್ಸೆಲರ್ ಅಲ್ಲ, ನಿಮಗಿಂತ ಮುಂಚೆ ಬಿಟ್ಟವರು. ನಡುವೆ ಮತ್ತೆ ಕುಡಿದುಬಿಟ್ಟರೂ ಮಾರನೇ ದಿನ ಹೋಗಿ. ಯಾಕೆ ಬಂದೆ ಅಂತ ಯಾರೂ ಕೇಳುವುದಿಲ್ಲ, ಅವರಲ್ಲಿ ಎಷ್ಟೋ ಜನ ಹಾಗೇ ಮತ್ತೆ ಬಂದವರು. ಈ ವಾರ ಯಾವ ದಿನ ಹೋಗುತ್ತೀರಿ ಅಂತ ಇಲ್ಲೇ ಬರೆಯಿರಿ.