ಬರೀ ಎರಡು ಬಾಂಬಿಗೆ 800 ಜನ ಹೋದ್ರು, ಆದ್ರೂ ಹಡಗು ಮುಳುಗ್ಲಿಲ್ಲ, ಹೆಂಗೆ?

ಕಡ್ಲೆಪುರಿ_ಕಿಟ್ಟಿ:
ನಿನ್ನೆ ರಾತ್ರಿ ನಿದ್ದೆ ಬರ್ದೆ ಎರಡನೇ ಮಹಾಯುದ್ಧದ ಫೋಟೋ ನೋಡ್ತಾ ಕೂತಿದ್ದೆ. ಯುಎಸ್‌ಎಸ್ ಫ್ರಾಂಕ್ಲಿನ್ ಅಂತ ಅಮೆರಿಕದ್ದು ಒಂದು ವಿಮಾನವಾಹಕ ಹಡಗು, ಪೂರ್ತಿ ಒಂದ್ ಕಡೆ ವಾಲ್ಕೊಂಡಿದೆ, ಹೊಗೆ ಏಳ್ತಿದೆ, ಡೆಕ್ಕಿನ ಅಂಚಲ್ಲಿ ಜನ ಇರುವೆ ಸಾಲಿನ ಥರ ನಿಂತಿದಾರೆ. ಓದಿದ್ರೆ 1945 ಮಾರ್ಚ್ 19, ಜಪಾನ್ ದಡದಿಂದ ಸುಮಾರು 50 ಮೈಲಿ, ಬಂದಿದ್ದು ಒಂದೇ ವಿಮಾನ, ಹಾಕಿದ್ದು ಎರಡೇ ಬಾಂಬು. ಅಷ್ಟಕ್ಕೆ ಅಷ್ಟೊಂದು ಜನ ಹೆಂಗೆ ಸತ್ರು? ಅಷ್ಟಾದ್ಮೇಲೂ ಹಡಗು ಹೆಂಗೆ ಉಳೀತು? ಇನ್ನೊಂದು, ಬದುಕಿ ಬಂದವ್ರಲ್ಲೇ ಸುಮಾರು ಜನರನ್ನ ಕ್ಯಾಪ್ಟನ್ ಓಡಿ ಹೋದವ್ರು ಅಂದ್ನಂತೆ, ಅದು ನಿಜನಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಗುರು.

ಇಂಜಿನ್‌ರೂಮ್_ಭಟ್ಟ:
ನಾನು ಹನ್ನೊಂದು ವರ್ಷ ಮರ್ಚೆಂಟ್ ನೇವಿ ಇಂಜಿನ್ ರೂಮಲ್ಲಿ ಬೆವರು ಸುರಿಸಿದವ ಮಾರಾಯ, ಯುದ್ಧದ ಹಡಗು ನಂದಲ್ಲ, ಆದ್ರೂ ಈ ಕಥೆ ಸುಮಾರು ಓದ್ಕೊಂಡಿದ್ದೇನೆ. ಮೊದಲ್ನೇದು, ಜನರನ್ನ ಕೊಂದದ್ದು ಜಪಾನಿನ ಬಾಂಬಿಗಿಂತ ಜಾಸ್ತಿ ಹಡಗಿನದ್ದೇ ಮದ್ದುಗುಂಡು. ಬೆಳಿಗ್ಗೆ ಏಳು ಗಂಟೆ ದಾಟಿತ್ತಷ್ಟೆ, ಮೇಲಿನ ಡೆಕ್ಕಲ್ಲಿ 31 ವಿಮಾನ, ಪೆಟ್ರೋಲು ಫುಲ್, ಬಾಂಬು ಕಟ್ಟಿ, ಇಂಜಿನ್ ಬಿಸಿ ಮಾಡ್ತಾ ಹೊರಡ್ಲಿಕ್ಕೆ ನಿಂತಿದ್ವು, ಕೆಳಗೆ ವಿಮಾನ ನಿಲ್ಲಿಸುವ ಹ್ಯಾಂಗರಲ್ಲಿ ಇನ್ನೂ 22. ಹಿಂದಿನ ರಾತ್ರಿ ಆರು ತಾಸಿನ ಒಳಗೆ ಹನ್ನೆರಡು ಸಲ ಅಲಾರಾಂ ಹೊಡೆದು ಎಲ್ಲರನ್ನ ಎಬ್ಬಿಸಿ ತೋಪಿನ ಹತ್ತಿರ ನಿಲ್ಲಿಸಿದ್ರು, ಬೆಳಿಗ್ಗೆ ಸ್ವಲ್ಪ ಸಡಿಲ ಮಾಡಿ ಬಿಸಿ ತಿಂಡಿಗೆ ಬಿಟ್ರು. ಹಾಗಾಗಿ ಹ್ಯಾಂಗರಲ್ಲಿ ತಿಂಡಿಯ ಕ್ಯೂ! ಬಾಂಬು ಡೆಕ್ ಸೀಳಿ ಬಂದು ಸಿಡಿದದ್ದು ಸರಿಯಾಗಿ ಅಲ್ಲಿ. ಪೆಟ್ರೋಲ್ ಆವಿ ಒಮ್ಮೆಲೇ ಹತ್ತಿಕೊಂಡಿತು, ಹ್ಯಾಂಗರಲ್ಲಿದ್ದವರಲ್ಲಿ ಬದುಕಿದ್ದು ಇಬ್ಬರು ಮಾತ್ರ ಅಂತಾರೆ. ಮೇಲಿನ ವಿಮಾನಗಳಿಗೆ ಟೈನಿ ಟಿಮ್ ಅಂತ ದೊಡ್ಡ ರಾಕೆಟ್ ಕಟ್ಟಿದ್ರು, ಬೆಂಕಿಗೆ ಅವು ತಾವಾಗೇ ಹೊತ್ತಿ ದೀಪಾವಳಿ ರಾಕೆಟ್ಟಿನ ಹಾಗೆ ಡೆಕ್ ಮೇಲೆ ಅಡ್ಡಾದಿಡ್ಡಿ ಹಾರಿದ್ವು, ಬೆಂಕಿ ಆರಿಸುವವರು ಅವು ಬಂದಾಗೆಲ್ಲ ಬೋರಲು ಬೀಳೋದು, ಮತ್ತೆ ಎದ್ದು ಪೈಪು ಹಿಡಿಯೋದು.

ಮುಳುಗ್ಲಿಲ್ಲ ಯಾಕೆ ಅಂದ್ರೆ ಉತ್ತರ ಸುಲಭ. ಹಡಗು ಮುಳುಗೋದು ಹೊಟ್ಟೆ ಒಡೆದ್ರೆ, ತಲೆ ಸುಟ್ಟರೆ ಅಲ್ಲ. ಫ್ರಾಂಕ್ಲಿನ್‌ನಂಥ ಎಸೆಕ್ಸ್ ಕ್ಲಾಸಿನ ಹಡಗಲ್ಲಿ ಮೇಲಿನ ಡೆಕ್ಕಿಗೆ ಮರದ ಹಲಗೆ, ದಪ್ಪ ಉಕ್ಕಿನ ಕವಚ ಇರೋದು ಹ್ಯಾಂಗರಿನ ನೆಲಕ್ಕೆ. ಸಿಡಿದದ್ದು ಬಹುಪಾಲು ಆ ನೆಲದ ಮೇಲೆ, ನೀರಿನ ಮಟ್ಟದ ಕೆಳಗೆ ಟಾರ್ಪಿಡೊ ತೂತು ಒಂದೂ ಇಲ್ಲ. 13 ಡಿಗ್ರಿ ವಾಲಿದ್ದು ಬೆಂಕಿಗೆ ಅಂತ ಅವರೇ ಹೊಡೆದ ನೀರು ಒಂದು ಬದಿಗೆ ತುಂಬ್ಕೊಂಡದ್ದಕ್ಕೆ ನೋಡಿ. ಅದಕ್ಕೇ ಆ ಫೋಟೋ ಅಷ್ಟು ಹೆದರಿಕೆ ಆಗ್ತದೆ.

ಬೆಳವಲದ_ಮಗ:
ಭಟ್ರು ಕಬ್ಬಿಣದ ಲೆಕ್ಕ ಹೇಳಿದ್ರು, ನಾ ಕ್ಯಾಪ್ಟನ್ನನ ಲೆಕ್ಕ ಹೇಳ್ತೀನ್ರಿ. ಹೆಸರು ಲೆಸ್ಲಿ ಗೆರೆಸ್. ಹಡಗಿನಾಗ ಇದ್ದ ಅಡ್ಮಿರಲ್ ಡೇವಿಸನ್ ಬ್ಯಾರೆ ಹಡಗಿಗೆ ಹೋಗೂ ಮುಂದ, ಬಿಟ್ಟು ಹೋಗೂದು ಚಲೋ ಅಂತ ಹೇಳಿದ್ದ, ಈತ ಒಪ್ಪಲಿಲ್ಲ, ಯಾಕಂದ್ರ ಕೆಳಗ ನೂರಾರು ಮಂದಿ ಸಿಕ್ಕೊಂಡಿದ್ರು. ಅದು ಖರೇನ ದೊಡ್ಡ ನಿರ್ಧಾರ, ಅದನ್ನ ನಾ ಅಲ್ಲಗಳೆಯಂಗಿಲ್ಲ. ಆದ್ರ ಆಮ್ಯಾಲ ಮಾಡಿದ್ದು ಕೇಳ್ರಿ. ಹಡಗಿನಾಗ ಉಳದವರು 704 ಮಂದಿ ಅಂತ ಎಣಸಿ '704 ಕ್ಲಬ್' ಅಂತ ಮಾಡಿ, ಇಳದು ಹೋದವರ ಮ್ಯಾಲೆ ಹಡಗು ಬಿಟ್ಟು ಓಡಿದ ಆರೋಪ ಹೊರಿಸಿದ. ಅಲ್ರೀ, ಅವರೆಲ್ಲ ಯಾರು? ಒಂದಿಷ್ಟು ಮಂದಿ ಸ್ಫೋಟಕ್ಕ ಹಾರಿ ನೀರಿಗೆ ಬಿದ್ದವರು, ಒಂದಿಷ್ಟು ಹಿಂದ ಬೆಂಕಿ ಮುಂದ ಸಮುದ್ರ ಅಂತ ಬ್ಯಾರೆ ದಾರಿ ಇಲ್ದ ಜಿಗದವರು, ಇನ್ನೊಂದಿಷ್ಟು ಸ್ಯಾಂಟಾ ಫೆ ಅನ್ನೂ ಕ್ರೂಸರ್ ಯುದ್ಧದ ಹಡಗು ಬಾಜೂಕ ಬಂದು ಹತ್ತಿ ನಿಂತಾಗ ಅದರಾಗ ಹೋಗ್ರಿ ಅಂತ ಹೇಳಿಸಿಕೊಂಡು ಹೋದವರು. ಸ್ಯಾಂಟಾ ಫೆ ಒಂದ 800ಕ್ಕೂ ಹೆಚ್ಚು ಮಂದೀನ್ನ ಉಳಿಸಿತು. ಮಾರ್ಚ್ ತಿಂಗಳ ತಣ್ಣನ ನೀರಾಗ ಗಂಟೆಗಟ್ಲೆ ಈಸಿದಾಂವ 'ಓಡಿ ಹೋದಾಂವ' ಹೆಂಗ ಆಗ್ತಾನ? ನೌಕಾಪಡೆ ಕಡೀಕ ಆ ಆರೋಪ ಎಲ್ಲಾ ಸದ್ದಿಲ್ಲದ ಕೈಬಿಟ್ಟಿತು. ಆದ್ರ ಆ ಹುಡುಗೂರು ಊರಿಗೆ ಹೋಗಿ ಮನಿಯವರ ಮುಂದ ಏನ್ ಹೇಳಿರ್ಬೇಕು ಅಂತ ನನಗ ಸಿಟ್ಟ ಬರ್ತದ.

ಉಪ್ಪುನೀರು:
ಬೆಳವಲದವರೇ ಸಿಟ್ಟು ಸರಿ, ಆದ್ರೆ ಉಳಿದವ್ರ ಕೆಲಸನೂ ಮರೀಬೇಡಿ. ಡೊನಾಲ್ಡ್ ಗ್ಯಾರಿ ಅಂತ ಒಬ್ರು, ಸಾಮಾನ್ಯ ನಾವಿಕನಾಗಿ ಸೇರಿ ಮೇಲೆ ಬಂದವ್ರು, ಕೆಳಗೆ ಊಟದ ಹಾಲಲ್ಲಿ ಸುಮಾರು 300 ಜನ ಕತ್ತಲು ಹೊಗೆಯಲ್ಲಿ ಸಿಕ್ಕಾಕೊಂಡಿದ್ರು, ದಾರಿ ಹುಡುಕ್ಕೊಂಡು ಬರ್ತೀನಿ ಅಂತ ಹೇಳಿ ಒಬ್ರೇ ತಡಕಾಡ್ಕೊಂಡು ಹೋಗಿ ಗಾಳಿ ಹೋಗೋ ಕೊಳವೆ ಮೂಲಕ ದಾರಿ ಹುಡುಕಿದ್ರು. ಸಿಕ್ಕ ಮೇಲೆ ಸೀದಾ ಮೇಲೆ ಹೋಗಿ ಗಾಳಿ ಕುಡೀಬಹುದಿತ್ತಲ್ವಾ? ವಾಪಸ್ ಬಂದ್ರು, ಒಂದ್ಸಲ ಅಲ್ಲ ಮೂರು ಸಲ. ಪಾದ್ರಿ ಜೋಸೆಫ್ ಒ'ಕ್ಯಾಲಹನ್ ಹಡಗಿಗೆ ಬಂದು ಮೂರು ವಾರನೂ ಆಗಿರ್ಲಿಲ್ಲ, ಮೊದಲು ಕಾಲೇಜಲ್ಲಿ ಲೆಕ್ಕ ಹೇಳ್ಕೊಡ್ತಿದ್ದೋರು, ಸಾಯೋರಿಗೆ ಪ್ರಾರ್ಥನೆ ಹೇಳೋದು, ಮುಗೀತಾ, ಕಾದ ಬಾಂಬಿಗೆ ನೀರು ಹೊಡೆಸೋದು. ಇಬ್ರಿಗೂ 1946ರಲ್ಲಿ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಬಂತು.

ಹೊಗೆ ಅಂದಾಗ ಒಂದು, 2019ರಲ್ಲಿ ನಮ್ಮ ವಿಮಾನವಾಹಕ ಹಡಗು ವಿಕ್ರಮಾದಿತ್ಯ ಕಾರವಾರ ಬಂದರಿಗೆ ಬರುವಾಗ ಬೆಂಕಿ ಹತ್ತಿತ್ತಲ್ಲ, ಆರಿಸೋಕೆ ಹೋದ ಆಫೀಸರ್ ಹೊಗೆಗೇ ಪ್ರಜ್ಞೆ ತಪ್ಪಿ ತೀರ್ಕೊಂಡ್ರು. ನಾನಾಗ ಅಲ್ಲೇ ಬೈತಖೋಲ ಕಡೆ ಇದ್ದೆ, ಊರಿಡೀ ಅದೇ ಮಾತು.

ಇಂಜಿನ್‌ರೂಮ್_ಭಟ್ಟ:
ಗ್ಯಾರಿ ಬಗ್ಗೆ ಇನ್ನೊಂದು ಬಿಟ್ರಿ ಮಾರಾಯ್ರೆ! ಆ 300 ಜನರನ್ನ ಹೊರಗೆ ಬಿಟ್ಟ ಮೇಲೆ ಅವ ಮತ್ತೆ ಕೆಳಗಿಳಿದು ಮೂರನೇ ಬಾಯ್ಲರ್ ರೂಮಿಗೆ ಹೋಗಿ ಒಂದು ಬಾಯ್ಲರಲ್ಲಿ ಸ್ಟೀಮ್ ಏಳಿಸ್ಲಿಕ್ಕೆ ನಿಂತ. ಮೇಲೆ ಸುಡುವ ಹಡಗು, ಕೆಳಗೆ ಕತ್ತಲೆ, ಅದರಲ್ಲಿ ಬಾಯ್ಲರ್ ಹಚ್ಚೋದು ಅಂದ್ರೆ ಏನು ಅಂತ ನಮ್ಮಂಥವರನ್ನ ಕೇಳಿ. ಪಿಟ್ಸ್‌ಬರ್ಗ್ ಕ್ರೂಸರ್ ಹಗ್ಗ ಕಟ್ಟಿ ಎಳೀತು, ಮಾರನೇ ದಿನ ಹಗ್ಗ ಬಿಚ್ಚಿ ಫ್ರಾಂಕ್ಲಿನ್ ತನ್ನ ಸ್ವಂತ ಇಂಜಿನಲ್ಲೇ ಹೊರಟಿತು. ಪೆಸಿಫಿಕ್ಕಿನ ಉಲಿಥಿ ದ್ವೀಪ, ಪರ್ಲ್ ಹಾರ್ಬರ್, ಪನಾಮಾ ಕಾಲುವೆ, ಹೀಗೆ ಸುಮಾರು 12,000 ಮೈಲಿ, ಏಪ್ರಿಲ್ 28ಕ್ಕೆ ನ್ಯೂಯಾರ್ಕಿನ ಬ್ರೂಕ್ಲಿನ್.

ಕಡ್ಲೆಪುರಿ_ಕಿಟ್ಟಿ:
ಎಲ್ರಿಗೂ ಥ್ಯಾಂಕ್ಸ್. ಸತ್ತವ್ರ ಲೆಕ್ಕ ಒಂದ್ ಕಡೆ 724, ಇನ್ನೊಂದ್ ಕಡೆ 807 ಅಂತಿದೆ, ಯಾವ್ದು ಹಿಡೀಬೇಕು? ರಿಪೇರಿ ಆದ್ಮೇಲೆ ಮತ್ತೆ ಯುದ್ಧಕ್ಕೆ ಹೋಯ್ತಾ?

ಬೆಳವಲದ_ಮಗ:
724 ನೌಕಾಪಡೆಯ ಹಳೇ ಲೆಕ್ಕ, 807 ಆಮ್ಯಾಲ ದಾಖಲೆ ಕೂಡಿಸಿ ಎಣಸಿದ್ದು. ಇದರ ಹಿಂದಿನ ಅಕ್ಟೋಬರಿನಾಗ ಕಾಮಿಕಾಝೆ (ಜಪಾನಿನ ಆತ್ಮಾಹುತಿ ವಿಮಾನ) ಬಡದಾಗ ಸತ್ತ 56 ಮಂದಿ ಬ್ಯಾರೆ. ಯುದ್ಧಕ್ಕ ಎಲ್ಲೀದು, ರಿಪೇರಿ ಮುಗಿಯೂದ್ರಾಗ ಯುದ್ಧಾನ ಮುಗೀತು. ಚಂದಂಗಿ ದುರಸ್ತಿ ಮಾಡಿ ಸುಮ್ನ ಕಟ್ಟಿ ಹಾಕಿದ್ರು, 1966ರಾಗ ಗುಜರಿಗೆ ಮಾರಿದ್ರು.