ಸೆರೆಯಲ್ಲಿದ್ದೇ ಲೋಕಸಭೆಗೆ: ಅಮೃತಪಾಲ್ ಸಿಂಗ್ ಗೆದ್ದದ್ದು ಹೇಗೆ, ಕಾನೂನು ಬಿಟ್ಟದ್ದು ಹೇಗೆ?

ಗೋಣಿಕೊಪ್ಪ_ಓದುಗ:
ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳ ಚರ್ಚಾಸ್ಪರ್ಧೆಗೆ ಟಿಪ್ಪಣಿ ಬರೆಯುತ್ತಿದ್ದೇನೆ. ವಿಷಯ: ಪ್ರತ್ಯೇಕತಾವಾದಿಗಳಿಗೆ ಚುನಾವಣೆಯ ಕಣ ತೆರೆದಿರಬೇಕೇ? ಉದಾಹರಣೆಗೆ ಪಂಜಾಬಿನ ಅಮೃತಪಾಲ್ ಸಿಂಗ್ ಅವರನ್ನು ತೆಗೆದುಕೊಂಡಿದ್ದೇನೆ. ಟಿವಿಯಲ್ಲಿ ಕೇಳಿದ್ದರಿಂದ ತಲೆ ಚಿಟ್ಟು ಹಿಡಿದಿದೆಯೇ ಹೊರತು ಏನೂ ತಿಳಿದಿಲ್ಲ.

2022ರ ಮೊದಲು ಹೆಸರೇ ಕೇಳದ ವ್ಯಕ್ತಿ ಎರಡು ವರ್ಷದಲ್ಲಿ ಸಂಸದನಾದದ್ದು ಹೇಗೆ? ರಾಷ್ಟ್ರೀಯ ಭದ್ರತಾ ಕಾಯಿದೆಯಲ್ಲಿ ಬಂಧನದಲ್ಲಿ ಇದ್ದವರು ನಾಮಪತ್ರ ಹಾಕಬಹುದೇ? ಖಾಲಿಸ್ತಾನ, ಅಂದರೆ ಸಿಖ್ಖರಿಗೆ ಪ್ರತ್ಯೇಕ ದೇಶ, ಬೇಕೆನ್ನುವವರು ಸಂವಿಧಾನದ ಮೇಲೆ ಪ್ರಮಾಣ ಮಾಡಿದ್ದು ಯಾವ ಲೆಕ್ಕದಲ್ಲಿ? ಇನ್ನೊಂದು. ನಮ್ಮಲ್ಲಿ ಕೆಲವರು ಇದನ್ನೂ ಕೊಡಗಿಗೆ ಸ್ವಾಯತ್ತತೆ ಕೇಳುವ ಕೊಡವ ಲ್ಯಾಂಡ್ ಬೇಡಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅದು ಸರಿಯೇ?

ಬ್ರಹ್ಮಗಿರಿ_ತಪ್ಪಲು:
ಮೊದಲ ಪ್ರಶ್ನೆ ಮಾತ್ರ ನನ್ನದು, ಕಾನೂನಿನದ್ದು ಬಲ್ಲವರು ಹೇಳಲಿ.

ಅಮೃತಪಾಲ್ 1993ರಲ್ಲಿ ಅಮೃತಸರ ಜಿಲ್ಲೆಯ ಜಲ್ಲೂಪುರ ಖೇಡಾದಲ್ಲಿ ಹುಟ್ಟಿದವರು. ಹತ್ತು ವರ್ಷದಷ್ಟು ಕಾಲ ದುಬೈಯಲ್ಲಿ ಮನೆಯವರ ಸಾರಿಗೆ ವ್ಯವಹಾರ ನೋಡಿಕೊಂಡಿದ್ದರು. ‘ವಾರಿಸ್ ಪಂಜಾಬ್ ದೇ’ ಅವರು ಕಟ್ಟಿದ ಸಂಘಟನೆಯಲ್ಲ. ರೈತ ಹೋರಾಟದ ಕಾಲದಲ್ಲಿ ಹೆಸರು ಮಾಡಿದ ನಟ ದೀಪ್ ಸಿಧು ಅದನ್ನು 2021ರ ಸೆಪ್ಟೆಂಬರಿನಲ್ಲಿ ಶುರುಮಾಡಿದರು. 2022ರ ಫೆಬ್ರುವರಿ 15ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ಖಾಲಿ ಜಾಗಕ್ಕೆ ಬಂದವರು ಇವರು. 2022ರ ಸೆಪ್ಟೆಂಬರ್ 29ರಂದು ಪೇಟಾ ತೊಡಿಸುವ ದಸ್ತಾರ್‌ಬಂದಿ ನಡೆದದ್ದು ಮೋಗಾ ಜಿಲ್ಲೆಯ ರೋಡೆಯಲ್ಲಿ. ಅದು 1984ರಲ್ಲಿ ಸ್ವರ್ಣಮಂದಿರದ ಸೇನಾ ಕಾರ್ಯಾಚರಣೆಯಲ್ಲಿ ಸತ್ತ ಉಗ್ರ ನಾಯಕ ಜರ್ನೈಲ್ ಸಿಂಗ್ ಭಿಂಡ್ರನ್‌ವಾಲೆ ಹುಟ್ಟಿದ ಊರು. ಉಡುಪು, ಸುತ್ತಲಿನ ಶಸ್ತ್ರಧಾರಿಗಳು, ಮಾತಿನ ವರಸೆ ಎಲ್ಲವೂ ಅದೇ ನೆನಪನ್ನು ಕೆದಕುವಂತಿದ್ದವು.

ಆದರೆ ಬರೀ ವೇಷಕ್ಕೆ ಜನ ಸೇರಿದರು ಅಂತ ಟಿಪ್ಪಣಿಯಲ್ಲಿ ಬರೆಯಬೇಡಿ. ಅವರ ‘ಖಾಲ್ಸಾ ವಹೀರ್’ ಹಳ್ಳಿ ಹಳ್ಳಿ ಸುತ್ತುವ ಮೆರವಣಿಗೆ. ಅಲ್ಲಿ ನಡೆಯುತ್ತಿದ್ದದ್ದು ಎರಡು ಕೆಲಸ: ಅಮೃತ ಸಂಚಾರ, ಅಂದರೆ ಖಾಲ್ಸಾ ದೀಕ್ಷೆ ಕೊಡುವುದು, ಮಾದಕ ವಸ್ತು ಬಿಡಿಸುವ ಬೋಧನೆ. ಗಡಿಯಂಚಿನ ತರನ್ ತಾರನ್ ಕಡೆ ‘ಚಿಟ್ಟಾ’ ಎಂಬ ಹೆರಾಯಿನ್ ಹಳ್ಳಿಗಳನ್ನು ತಿಂದುಹಾಕಿದೆ. ಮಗನನ್ನು ಕಳೆದುಕೊಳ್ಳುವ ಭಯದಲ್ಲಿರುವ ತಾಯಿಗೆ ಖಾಲಿಸ್ತಾನದ ಭೂಪಟ ಮುಖ್ಯವಲ್ಲ, ಬಿಡಿಸುವವರು ಮುಖ್ಯ. ಇದರ ಜೊತೆಗೇ ಒರಟು ಮುಖವೂ ಇತ್ತು. ಗುರು ಗ್ರಂಥ ಸಾಹಿಬ್ ಎದುರು ಯಾರೂ ಎತ್ತರದಲ್ಲಿ ಕೂರಬಾರದು ಎಂದು 2022ರ ಡಿಸೆಂಬರಿನಲ್ಲಿ ಜಲಂಧರದ ಗುರುದ್ವಾರವೊಂದರ ಕುರ್ಚಿ, ಸೋಫಾಗಳನ್ನು ಬೆಂಬಲಿಗರು ಹೊರಗೆ ಹಾಕಿ ಸುಟ್ಟರು. ಮಂಡಿನೋವಿನ ಮುದುಕರಿಗೆಂದು ಇಟ್ಟಿದ್ದ ಕುರ್ಚಿಗಳವು. ಸಿಖ್ಖರಲ್ಲೇ ಬಹಳ ಜನ ಬೇಸರಪಟ್ಟರು.

ತಿರುವು ಬಂದದ್ದು 2023ರ ಫೆಬ್ರುವರಿ 23ರಂದು. ಬಂಧಿತ ಸಹಚರನನ್ನು ಬಿಡಿಸಲು ಬೆಂಬಲಿಗರು ಕತ್ತಿ, ಬಂದೂಕು ಹಿಡಿದು ಅಜ್ನಾಲಾ ಪೊಲೀಸ್ ಠಾಣೆಗೆ ನುಗ್ಗಿದರು. ಗುಂಪಿನ ಜೊತೆ ಗುರು ಗ್ರಂಥ ಸಾಹಿಬ್ ಹೊತ್ತ ವಾಹನವಿತ್ತು. ಗ್ರಂಥಕ್ಕೆ ಅಪಚಾರವಾದೀತೆಂದು ಬಲ ಬಳಸಲಿಲ್ಲ ಎಂದು ಪೊಲೀಸರು ಹೇಳಿದರು. ಪೊಲೀಸರಿಗೆ ಗಾಯಗಳಾದವು, ಮರುದಿನ ಸಹಚರನ ಬಿಡುಗಡೆಯೂ ಆಯಿತು. ಮಾರ್ಚ್ 18ರಂದು ಕಾರ್ಯಾಚರಣೆ ಶುರುವಾದಾಗ ರಾಜ್ಯದಲ್ಲಿ ಮೊಬೈಲ್ ಇಂಟರ್‌ನೆಟ್ ನಿಂತಿತು. ಅವರು ತಿಂಗಳಿಗೂ ಮೀರಿ ಕೈಗೆ ಸಿಗದೆ, ಏಪ್ರಿಲ್ 23ರಂದು ಅದೇ ರೋಡೆಯಲ್ಲಿ ಬಂಧನಕ್ಕೊಳಗಾದರು. ಅಲ್ಲಿಂದ ಅಸ್ಸಾಮಿನ ದಿಬ್ರೂಗಢ ಜೈಲು.

ಮಡಿಕೇರಿ_ವಕೀಲ:
ಕಾನೂನಿನ ಭಾಗಕ್ಕೆ ಬರೋಣ. ಇಲ್ಲಿ ಮಕ್ಕಳು ತಪ್ಪುವ ಜಾಗ ಒಂದೇ: ಬಂಧನ ಮತ್ತು ಶಿಕ್ಷೆ ಎರಡನ್ನೂ ಒಂದೇ ಅಂದುಕೊಳ್ಳುವುದು.

1951ರ ಜನಪ್ರಾತಿನಿಧ್ಯ ಕಾಯಿದೆಯ 8(3)ನೇ ಕಲಮಿನಂತೆ ಎರಡು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾದರೆ ಅನರ್ಹತೆ, ಬಿಡುಗಡೆಯ ನಂತರವೂ ಆರು ವರ್ಷ. ಮೊಕದ್ದಮೆ ನಡೆಯುತ್ತಿದೆ ಅಥವಾ ಮುನ್ನೆಚ್ಚರಿಕೆ ಬಂಧನದಲ್ಲಿದ್ದಾರೆ (ಶಿಕ್ಷೆಯಾಗದೆಯೇ ತಡೆದಿಡುವುದು, ರಾಷ್ಟ್ರೀಯ ಭದ್ರತಾ ಕಾಯಿದೆಯದ್ದು ಇದೇ) ಅಂದರೆ ಅನರ್ಹತೆ ಇಲ್ಲ. ಅಭ್ಯರ್ಥಿ ಮತದಾರನೂ ಆಗಿರಬೇಕು ಎಂಬ ಕಾರಣಕ್ಕೆ 2013ರಲ್ಲಿ ಸುಪ್ರೀಂ ಕೋರ್ಟು ಜೈಲಿನಲ್ಲಿರುವವರು ಸ್ಪರ್ಧಿಸುವಂತಿಲ್ಲ ಎಂದದ್ದು ನಿಜ. ಅದೇ ವರ್ಷ ಸಂಸತ್ತು ತಿದ್ದುಪಡಿ ತಂದು, ಜೈಲಿನಲ್ಲಿದ್ದ ಮಾತ್ರಕ್ಕೆ ಮತದಾರ ಎಂಬ ಸ್ಥಾನ ಹೋಗದು ಎಂದು ಬರೆಯಿತು. ಸ್ವಾರಸ್ಯ ನೋಡಿ: 62(5)ನೇ ಕಲಮಿನಂತೆ ವಿಚಾರಣಾಧೀನ ಕೈದಿ ಓಟು ಹಾಕುವಂತಿಲ್ಲ, ಆದರೆ ಸ್ಪರ್ಧಿಸಬಹುದು.

ಪಕ್ಷೇತರರಿಗೆ ಬೇಕಾದ್ದು ಅದೇ ಕ್ಷೇತ್ರದ 10 ಸೂಚಕರು ಮತ್ತು 25,000 ರೂಪಾಯಿ ಠೇವಣಿ. ಚಲಾವಣೆಯಾದ ಸಿಂಧು ಮತದ ಆರನೇ ಒಂದು ಭಾಗ ದಾಟದಿದ್ದರೆ ಠೇವಣಿ ಮುಟ್ಟುಗೋಲು. ನಾಮಪತ್ರ ಸಲ್ಲಿಸಿದ ಮೇಲೆ, ಪರಿಶೀಲನೆಗೆ ಮೊದಲು ಅಭ್ಯರ್ಥಿ ಪ್ರಮಾಣ ಮಾಡಬೇಕು. ಜೈಲಿನಲ್ಲಿದ್ದರೆ ಜೈಲು ಸೂಪರಿಂಟೆಂಡೆಂಟ್ ಎದುರು. ಇದನ್ನು ಮರೆತು ನಾಮಪತ್ರ ತಿರಸ್ಕೃತವಾಗುವುದುಂಟು.

ಆ ಪ್ರಮಾಣದಲ್ಲೇ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇದೆ. ಭಾರತದ ಸಾರ್ವಭೌಮತೆ, ಅಖಂಡತೆ ಎತ್ತಿಹಿಡಿಯುತ್ತೇನೆ ಎಂಬ ಸಾಲು ಮೊದಲಿರಲಿಲ್ಲ. ದಕ್ಷಿಣಕ್ಕೆ ಪ್ರತ್ಯೇಕ ದೇಶ ಕೇಳಿದ ದ್ರಾವಿಡನಾಡು ಬೇಡಿಕೆಯ ಬಿಸಿಯಲ್ಲಿ 1963ರ 16ನೇ ತಿದ್ದುಪಡಿ ಅದನ್ನು ಸೇರಿಸಿತು. ಹಾಗಾಗಿ ಕಣಕ್ಕಿಳಿಯುವ ಪ್ರತಿಯೊಬ್ಬರೂ ಕಾಗದದ ಮೇಲೆ ಪ್ರತ್ಯೇಕತೆಯನ್ನು ಬಿಟ್ಟೇ ಇಳಿಯುತ್ತಾರೆ. ಮನಸ್ಸಿನಲ್ಲಿ ಏನಿದೆ ಎಂದು ಅಳೆಯುವ ತಕ್ಕಡಿ ಚುನಾವಣಾಧಿಕಾರಿಯ ಬಳಿ ಇಲ್ಲ, ಇರಲೂಬಾರದು ಅನ್ನುವುದು ನನ್ನ ಅಭಿಪ್ರಾಯ. ಬಲವಂತ್ ಸಿಂಗ್ ಪ್ರಕರಣದಲ್ಲಿ, 1995ರಲ್ಲಿ, ಸುಪ್ರೀಂ ಕೋರ್ಟು ಖಾಲಿಸ್ತಾನ ಪರ ಘೋಷಣೆ ಒಂದೆರಡು ಬಾರಿ ಕೂಗಿದ ಮಾತ್ರಕ್ಕೆ ರಾಜದ್ರೋಹವಾಗದು ಎಂದಿತ್ತು. ಇದನ್ನು ಪರ-ವಿರೋಧ ಎರಡೂ ತಂಡಕ್ಕೆ ಕೊಡಿ.

ಭದ್ರತಾ ಕಾಯಿದೆಯ ಬಂಧನ ಒಂದು ಆದೇಶಕ್ಕೆ ಗರಿಷ್ಠ 12 ತಿಂಗಳು. ಅಮೃತಪಾಲ್ ವಿಷಯದಲ್ಲಿ 2024ರಲ್ಲೂ 2025ರಲ್ಲೂ ಮತ್ತೆ ಬಂಧನ ಮುಂದುವರಿಯಿತು. ಜೊತೆಯವರ ಮೇಲಿನ ಬಂಧನ 2025ರಲ್ಲಿ ಮುಗಿದು ಅವರನ್ನು ಅಜ್ನಾಲಾ ಪ್ರಕರಣಕ್ಕೆ ಪಂಜಾಬಿಗೆ ತಂದರು. ಬೆಂಬಲಿಗರು ಕೇಳುವುದು, ತಪ್ಪಿದ್ದರೆ ಕೋರ್ಟಿನಲ್ಲಿ ಸಾಬೀತು ಮಾಡಿ ಅಂತ. ಸರ್ಕಾರ ಹೇಳುವುದು ಗಡಿ ರಾಜ್ಯದ ಶಾಂತಿ.

ಕಾಫಿತೋಟ_58:
ವಕೀಲ ಸರ್ ಹೇಳಿದ್ದಕ್ಕೆ ಸೇರಿಸುವುದೇನಿಲ್ಲ. ಬ್ರಹ್ಮಗಿರಿ ಅಣ್ಣ ಮತದ ಲೆಕ್ಕ ಬಿಟ್ಟಿದ್ದಾರೆ, ಅಸಲಿ ವಿಷಯ ಅಲ್ಲೇ ಇದೆ.

ಖಡೂರ್ ಸಾಹಿಬ್ ಲೋಕಸಭಾ ಕ್ಷೇತ್ರ, 2024: ಪಕ್ಷೇತರ ಅಮೃತಪಾಲ್ 4,04,430, ಕಾಂಗ್ರೆಸ್ಸಿನ ಕುಲ್ಬೀರ್ ಸಿಂಗ್ ಜೀರಾ 2,07,310. ಅಂತರ 1,97,120, ಪಂಜಾಬಿನಲ್ಲಿ ಆ ಸಲ ಅತಿ ದೊಡ್ಡದು. ಆದರೆ ಇದು ಬರಡು ನೆಲದಲ್ಲಿ ಬೆಳೆದ ಬೆಳೆಯಲ್ಲ. 2019ರಲ್ಲಿ ಇದೇ ಕ್ಷೇತ್ರದಲ್ಲಿ ಪರಮಜೀತ್ ಕೌರ್ ಖಾಲ್ಡಾ ಎರಡು ಲಕ್ಷಕ್ಕೂ ಹೆಚ್ಚು ಮತ ಪಡೆದಿದ್ದರು. ಪೊಲೀಸರ ಗುಟ್ಟಿನ ಶವಸಂಸ್ಕಾರಗಳ ದಾಖಲೆ ಹುಡುಕಿ 1995ರಲ್ಲಿ ಅಪಹರಣಕ್ಕೀಡಾದ ಜಸ್ವಂತ್ ಸಿಂಗ್ ಖಾಲ್ಡಾ ಅವರ ಪತ್ನಿ ಇವರು. 2024ರಲ್ಲಿ ಅವರೇ ಅಮೃತಪಾಲ್ ಪರ ಪ್ರಚಾರಕ್ಕೆ ನಿಂತರು. ಸಿಮ್ರನ್‌ಜೀತ್ ಸಿಂಗ್ ಮಾನ್ ಎಂಬ ಖಾಲಿಸ್ತಾನ ಪರ ನಾಯಕರ ಪಕ್ಷ ತನ್ನ ಅಭ್ಯರ್ಥಿಯನ್ನು ಹಿಂದೆ ತೆಗೆದುಕೊಂಡಿತು. ಮಾನ್ ಅವರೇ 1989ರಲ್ಲಿ ಜೈಲಿನಲ್ಲಿದ್ದು ಹಳೆಯ ತರನ್ ತಾರನ್ ಕ್ಷೇತ್ರದಿಂದ ಗೆದ್ದವರು. ಖಡೂರ್ ಸಾಹಿಬ್ ಕ್ಷೇತ್ರ ಅದರದ್ದೇ ಹೊಸ ರೂಪ.

ಇನ್ನೊಂದು ಕಡೆ ಸಿಖ್ಖರ ಹಳೆಯ ಪಕ್ಷ ಅಕಾಲಿ ದಳದ ಕುಸಿತ. ಅದರ ಆಳ್ವಿಕೆಯಲ್ಲೇ 2015ರ ಬರ್ಗಾಡಿ ಗ್ರಂಥ ಅಪಚಾರ, ಅದನ್ನು ಪ್ರತಿಭಟಿಸಿದವರ ಮೇಲೆ ಬೆಹಬಲ್ ಕಲಾಂ ಗೋಲಿಬಾರ್ ಆದ ಮೇಲೆ ಪಂಥದ, ಅಂದರೆ ಧರ್ಮನಿಷ್ಠ ಸಿಖ್ಖರ, ಮತ ಅದರಿಂದ ಜಾರುತ್ತಲೇ ಹೋಯಿತು. 2022ರ ವಿಧಾನಸಭೆಯಲ್ಲಿ ಬಂದದ್ದು 3 ಸ್ಥಾನ. ಖಡೂರ್ ಸಾಹಿಬ್‌ನಲ್ಲಿ ಅದರ ಅಭ್ಯರ್ಥಿ ನಾಲ್ಕನೆಯವರು.

ಹಾಗಂತ ಈ ಅಲೆಯನ್ನು ಖಾಯಂ ಅಂದುಕೊಳ್ಳಬೇಡಿ. 2025ರ ಜನವರಿ 14ರಂದು ಮುಕ್ತಸರದ ಮಾಘಿ ಮೇಳದಲ್ಲಿ ‘ಅಕಾಲಿ ದಳ (ವಾರಿಸ್ ಪಂಜಾಬ್ ದೇ)’ ಪಕ್ಷ ಘೋಷಣೆಯಾಯಿತು. ಅದೇ ನವೆಂಬರಿನ ತರನ್ ತಾರನ್ ವಿಧಾನಸಭಾ ಉಪಚುನಾವಣೆಯಲ್ಲಿ ಅವರ ಬೆಂಬಲದ ಪಕ್ಷೇತರ ಅಭ್ಯರ್ಥಿ ಮೂರನೇ ಸ್ಥಾನಕ್ಕೆ ಬಿದ್ದರು, ಎರಡನೆಯದು ಹಳೆಯ ಅಕಾಲಿ ದಳಕ್ಕೇ ಹೋಯಿತು. ನಾಯಕ ಒಳಗಿದ್ದಾಗ ಅನುಕಂಪ ಅವನಿಗೆ ಬೀಳುತ್ತದೆ, ಹೇಳಿದವರಿಗೆಲ್ಲ ಬೀಳುವುದಿಲ್ಲ.

ಗೋಣಿಕೊಪ್ಪ_ಓದುಗ:
ಧನ್ಯವಾದ ಸರ್. ಎರಡು ಅನುಮಾನ ಉಳಿದಿವೆ. ಸದನಕ್ಕೆ ಬಾರದೆ 60 ದಿನ ಕಳೆದರೆ ಸ್ಥಾನ ಹೋಗುತ್ತದಲ್ಲ? ಗೆದ್ದ ಮೇಲೆ ಅವರು ಖಾಲಿಸ್ತಾನ ಬಿಟ್ಟರು ಅಂತಲೂ ಎಲ್ಲೋ ಓದಿದೆ.

ಮಡಿಕೇರಿ_ವಕೀಲ:
ತಾನಾಗಿ ಹೋಗುವುದಿಲ್ಲ. 101(4)ನೇ ವಿಧಿಯಲ್ಲಿ ಇರುವುದು, ಅನುಮತಿಯಿಲ್ಲದೆ 60 ದಿನ ಎಲ್ಲ ಸಭೆಗೆ ಗೈರಾದರೆ ಸದನ ಸ್ಥಾನ ಖಾಲಿ ಎಂದು ಘೋಷಿಸ‘ಬಹುದು’. ಅಧಿವೇಶನ ಮುಗಿದ ದಿನಗಳು, ಸತತ ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದ ದಿನಗಳು ಲೆಕ್ಕಕ್ಕಿಲ್ಲ. ಅವರು ಹೈಕೋರ್ಟಿಗೆ ಹೋದಾಗ, 54 ದಿನಗಳ ಗೈರಿಗೆ ಲೋಕಸಭೆ ರಜೆ ಕೊಟ್ಟಿದೆ ಎಂಬ ಉತ್ತರ ಬಂತು. 2024ರ ಜುಲೈ 5ರ ಪ್ರಮಾಣಕ್ಕೂ ನಾಲ್ಕು ದಿನದ ಪೆರೋಲ್ ಮಾತ್ರ, ದೆಹಲಿ ಬಿಟ್ಟು ಹೋಗುವಂತಿಲ್ಲ, ಮಾಧ್ಯಮದೊಡನೆ ಮಾತಿಲ್ಲ.

ಬಿಟ್ಟರು ಎಂಬ ಸುದ್ದಿ ಅವರ ತಾಯಿಯ ಹೇಳಿಕೆಯಿಂದ ಬಂದದ್ದು. ಮಗ ಖಾಲಿಸ್ತಾನಿ ಅಲ್ಲ ಎಂದು ಅವರು ಹೇಳಿದ ಮರುದಿನವೇ ಅಮೃತಪಾಲ್ ಖಾತೆಯಿಂದ ಅದನ್ನು ತಳ್ಳಿಹಾಕಿದ ಬರಹ ಬಂತು. ಖಾಲ್ಸಾ ರಾಜ್ಯದ ಕನಸು ಅಪರಾಧವಲ್ಲ, ಹೆಮ್ಮೆ ಎಂಬರ್ಥದಲ್ಲಿ.

ಕಾಫಿತೋಟ_58:
ಕೊಡಗಿನ ಮಾತು. ಕೊಡವ ನ್ಯಾಷನಲ್ ಕೌನ್ಸಿಲ್ ಕೇಳುವುದು ಸಂವಿಧಾನದ ಒಳಗಿನ ಸ್ವಾಯತ್ತತೆ. ಅದಕ್ಕೆ ತೋರಿಸುವ ದಾರಿಯೂ 244ನೇ ವಿಧಿ, ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತ ಮಂಡಳಿ ಕೊಡುವ ಆರನೇ ಅನುಸೂಚಿಯಂಥವು. ಒಪ್ಪುವುದು ಬಿಡುವುದು ಬೇರೆ ಚರ್ಚೆ, ಆದರೆ ದೇಶ ಬಿಟ್ಟು ಹೋಗುವ ಬೇಡಿಕೆಯ ಪಕ್ಕ ಅದನ್ನು ಕೂರಿಸುವುದು ಅನ್ಯಾಯ. ಕೊಡಗು 1956ರ ತನಕ ‘ಸಿ’ ದರ್ಜೆಯ ಪ್ರತ್ಯೇಕ ರಾಜ್ಯವಾಗಿತ್ತು. 1952ರಲ್ಲಿ ಮೈಸೂರಿನೊಡನೆ ವಿಲೀನ ಬೇಡವೆಂದ, ತಕ್ಕಡಿ ಚಿಹ್ನೆಯ ಗುಂಪು 24ರಲ್ಲಿ 9 ಸ್ಥಾನ ಗೆದ್ದದ್ದು ಮತಪೆಟ್ಟಿಗೆಯಲ್ಲೇ.

ಹೋಲಿಕೆ ಬೇಕೇ ಬೇಕೆಂದರೆ ಆಯುಧದ ಹಕ್ಕನ್ನು ತೆಗೆದುಕೊಳ್ಳಿ. ಸಿಖ್ಖರು ಧರ್ಮದ ಗುರುತಾಗಿ ಧರಿಸುವ ಕತ್ತಿ ಕಿರ್ಪಾಣಕ್ಕೆ 25ನೇ ವಿಧಿಯ ವಿವರಣೆಯಲ್ಲೇ ರಕ್ಷಣೆ ಇದೆ. ನಮ್ಮ ಕೋವಿ ನಿಂತಿರುವುದು ಶಸ್ತ್ರ ಕಾಯಿದೆಯ ಅಡಿಯ ವಿನಾಯಿತಿ ಅಧಿಸೂಚನೆಯ ಮೇಲೆ: ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂ ಹಿಡುವಳಿದಾರರಿಗೂ, ಈಗಿನ ಅವಧಿ 2029ರ ತನಕ. ಒಂದು ಸಂವಿಧಾನದ ಮಾತು, ಇನ್ನೊಂದು ಸರ್ಕಾರ ಕಾಲಕಾಲಕ್ಕೆ ನವೀಕರಿಸಬೇಕಾದ ಕಾಗದ. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ತೋಕ್‌ಪೂ ಹೂ ಸಿಕ್ಕಿಸುವ ಮಕ್ಕಳಿಗೆ ಈ ವ್ಯತ್ಯಾಸ ಬೇಗ ತಲೆಗೆ ಹೋಗುತ್ತದೆ.

ಸಂಖ್ಯೆಯ ಲೆಕ್ಕವೂ ಹೇಳಿಕೊಡಿ. ಖಡೂರ್ ಸಾಹಿಬ್‌ನ 9 ವಿಧಾನಸಭಾ ಕ್ಷೇತ್ರಗಳಲ್ಲೂ ಪಂಥದ ರಾಜಕೀಯಕ್ಕೆ ನೆಲೆ ಇದೆ. ಮೈಸೂರು-ಕೊಡಗು ಲೋಕಸಭಾ ಕ್ಷೇತ್ರದ 8ರಲ್ಲಿ ಮಡಿಕೇರಿ, ವಿರಾಜಪೇಟೆ ಎರಡೇ ನಮ್ಮವು. 2008ಕ್ಕೆ ಮೊದಲು ಮಂಗಳೂರಿನ ಜೊತೆ ಇದ್ದಾಗಲೂ ಕಥೆ ಇದೇ. ಎರಡು ಕ್ಷೇತ್ರದ ಸಿಟ್ಟನ್ನೆಲ್ಲ ಒಬ್ಬನ ಮೇಲೆ ಸುರಿದರೂ ಇಲ್ಲಿಂದ ಅಂಥ ಸಂಸದ ಹುಟ್ಟುವುದಿಲ್ಲ.